ಫೋನ್ ಬೇಡವೆಂದು ಬರೆದವರು

ನಮ್ಮೂರು ಮಯಾಗ್ವೆಸ್‌ನಲ್ಲಿ ಮನೆ ಮಾರಬೇಕೆನ್ನುವವರು ಮೊದಲು ಇವೆಲಿಸ್ಸೆ ತೋರೊ ಎಂಬವಳನ್ನು ಕರೆಯುತ್ತಾರೆ, ಆಮೇಲೆ ದಲ್ಲಾಳಿಯನ್ನು. ಖಾಲಿ ಮನೆಗೆ ಸೋಫಾ, ಪರದೆ, ದೀಪ, ಒಂದೆರಡು ಚಿತ್ರ ತಂದಿಟ್ಟು, ನೋಡಲು ಬಂದವರಿಗೆ ಇಲ್ಲೇ ಕೂತು ಊಟ ಮಾಡಬೇಕು ಅನ್ನಿಸುವಂತೆ ಮಾಡುವುದು ಅವಳ ಕಸುಬು. ಗೋದಾಮು ನೋಡಿಕೊಳ್ಳುವುದು, ವ್ಯಾನ್ ಓಡಿಸುವುದು ನನ್ನ ಪಾಲಿನ ಕೆಲಸ. ಅಂದರೆ, ವ್ಯಾನ್ ಇದ್ದಾಗ.

ಹೋದ ವರ್ಷ ಅವಳಿಗೆ ಫ್ಲೋರಿಡಾದಿಂದ ಗಿಲ್ಬರ್ಟ್ ಎಂಬಾತನ ಇಮೇಲ್ ಬಂತು. ನಿಮ್ಮ ಹತ್ತಿರದ ಊರು ರಿಂಕೋನ್‌ನಲ್ಲಿ ಸಮುದ್ರದ ಪಕ್ಕ ಮನೆ ಕೊಂಡಿದ್ದೇನೆ, ಒಳಗಿನದೆಲ್ಲ ನೀವೇ ಅಣಿಮಾಡಿ. ನನಗೆ ಕಿವಿ ಕೇಳಿಸುವುದಿಲ್ಲ, ಆದ್ದರಿಂದ ಫೋನ್ ಬೇಡ, ಬರೆದೇ ಮಾತಾಡೋಣ ಎಂದಿದ್ದ. ಇವೆಲಿಸ್ಸೆಗೆ ಕನಿಕರ. ಫೋನಿನಲ್ಲಿ ಹೇಳಲಾಗದ್ದನ್ನೆಲ್ಲ ಚಿತ್ರ ಬರೆದು ಕಳಿಸಿದಳು. ಯಾವ ಕೋಣೆಗೆ ಯಾವ ಬಣ್ಣ, ಕಿಟಕಿಯ ಬೆಳಕು ಎಲ್ಲಿ ಬೀಳುತ್ತದೆ, ಎಲ್ಲ. ಚೆಕ್ ಬಂತು. ಮಾತಾಗಿದ್ದಕ್ಕಿಂತ ಹೆಚ್ಚೇ ಇತ್ತು. ಗಿಲ್ಬರ್ಟ್ ಮತ್ತೆ, ಹೆಚ್ಚಿನ ಹಣ ನನ್ನ ಸಾಮಾನು ಸಾಗಿಸುವವನಿಗೆ ಸೇರಬೇಕು, ಅವನು ಚೆಕ್ ಮುಟ್ಟುವುದಿಲ್ಲ, ದಯಮಾಡಿ ನೀವೇ ಕಳಿಸಿಬಿಡಿ ಎಂದು ಬರೆದ. ಖಾತೆಯಲ್ಲಿ ಹಣ ಜಮೆಯಾಗಿದ್ದು ಕಾಣುತ್ತಿತ್ತು. ಕಳಿಸಿಬಿಟ್ಟಳು. ಆಮೇಲೆ ಬ್ಯಾಂಕಿನವರು ಕರೆದು ಚೆಕ್ ನಕಲಿ ಎಂದರು. ಹೋಗಿದ್ದೆಲ್ಲ ಅವಳ ಸ್ವಂತ ದುಡ್ಡು. ಗಿಲ್ಬರ್ಟನೂ ಇರಲಿಲ್ಲ, ಅವನ ಮನೆಯೂ ಇರಲಿಲ್ಲ. ವ್ಯಾನ್ ಮಾರಿದೆವು.

ನಾನಾಗಿದ್ದರೆ ಬಾಯಿ ಹೊಲಿದುಕೊಂಡು ಕೂರುತ್ತಿದ್ದೆ. ಅವಳು ಒಂದು ದಿನ ಪೂರ್ತಿ ಅತ್ತಳು, ಮುಖ ತೊಳೆದಳು, ನಮ್ಮ ಕಸುಬಿನ ಹೆಂಗಸರು ಸೇರುವ ಬೇಕರಿಗೆ ಹೋಗಿ ಎಲ್ಲರೆದುರು ಎದ್ದು ನಿಂತು, ನಡೆದದ್ದನ್ನು ಒಂದೂ ಮುಚ್ಚಿಡದೆ ಹೇಳಿದಳು.

"ಅಯ್ಯೋ ಹುಡುಗೀ, ನಿನ್ನಂಥ ಚೂಟಿಗೇ ಟೋಪಿ ಹಾಕ್ಬಿಟ್ನಾ?" ಎಂದಳು ಬ್ರುನಿಲ್ಡಾ. ಆ ಗುಂಪಿಗೆ ಅವಳೇ ಹಿರಿಯಳು, ಬಾಯಿಯಲ್ಲೂ.

"ಹಾಕ್ದ. ಅಳತೆ ತಗೊಂಡು, ಹೊಲಿಸಿ ಹಾಕ್ದ. ನಗಬೇಕಾದ್ರೆ ನಗ್ರಿ. ಆದ್ರೆ ಮೊದ್ಲು ನಿಮ್ಮ ನಿಮ್ಮ ಮೇಲ್ ತೆಗೆದು ನೋಡ್ಕೊಳಿ, ಆಮೇಲೆ ನಗ್ರಿ."

ನೋಡಿಕೊಂಡರು. ನಗು ನಿಂತಿತು. ಅದೇ ಗಿಲ್ಬರ್ಟ್, ಬೇರೆ ಬೇರೆ ಹೆಸರಲ್ಲಿ, ಇನ್ನೂ ಕೆಲವರಿಗೆ ಬರೆದಿದ್ದ. ಒಬ್ಬಳ ಕೈಚೀಲದಲ್ಲಿ ಚೆಕ್ಕೇ ಇತ್ತು, ಬ್ಯಾಂಕಿಗೆ ಹಾಕಲು ಹೊರಟಿದ್ದಳು. ಅವಳು ಇವೆಲಿಸ್ಸೆಯ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

"ಇನ್ಮೇಲೆ ಇಷ್ಟೇ," ಎಂದು ಬ್ರುನಿಲ್ಡಾ ಮೇಜು ತಟ್ಟಿದಳು. "ಕಿವುಡ, ಫೋನ್ ಬೇಡ ಅಂತ ಬರೆದ್ರೆ ಓದೋದೇ ಬೇಡ. ಅಳಿಸಿ ಬಿಸಾಕಿ."

ಎಲ್ಲರೂ ತಲೆಯಾಡಿಸಿದರು. ಇವೆಲಿಸ್ಸೆಯೂ.

ಮಳೆಗಾಲ ಮುಗಿಯುವ ಹೊತ್ತಿಗೆ ಕಾಬೊ ರೋಹೊದಿಂದ ಇನ್ನೊಂದು ಮೇಲ್ ಬಂತು. ಎಲಿಯೆಸರ್ ಎಂಬವನು ಬರೆದಿದ್ದ. ತಾಯಿ ತೀರಿಕೊಂಡರು, ಅವರ ಮನೆ ಮಾರಬೇಕು, ನನಗೂ ಹೆಂಡತಿಗೂ ಕಿವಿ ಕೇಳಿಸದು, ಫೋನ್ ಮಾಡಬೇಡಿ. ಅಕ್ಷರ ತಪ್ಪುಗಳು ಬೇರೆ.

"ಅಳಿಸು," ಎಂದೆ.

"ತಡಿಯೇ ಸೊರೈಡಾ."

"ಏನು ತಡಿಯೋದು? ವ್ಯಾನ್ ಹೋಯ್ತು, ಇನ್ನು ನನ್ನನ್ನೂ ಮಾರ್ತೀಯಾ?"

"ನಿನ್ನನ್ನ ಯಾರು ಕೊಂಡ್ಕೋತಾರೆ? ಇಲ್ನೋಡು. ಮನೆಗೆ ಬನ್ನಿ, ನಾವಿಬ್ರೂ ಇರ್ತೀವಿ ಅಂತ ಬರ್ದಿದಾನೆ. ಆ ಕಳ್ಳ ಒಂದ್ಸಲಾನೂ ಬಾ ಅನ್ಲಿಲ್ಲ. ದುಡ್ಡಿನ ಮಾತೇ ಇಲ್ಲ ಇದ್ರಲ್ಲಿ."

"ಹೋದ್ರೆ ಕತ್ತು ಹಿಚುಕ್ತಾನೆ."

"ಅದಕ್ಕೇ ನಿನ್ನ ಕರ್ಕೊಂಡು ಹೋಗ್ತಿರೋದು. ನಿನ್ನ ಕತ್ತು ದಪ್ಪ ಇದೆ, ಅವನಿಗೆ ಹೊತ್ತು ಹಿಡಿಯತ್ತೆ."

ಅವಳ ಚಿಕ್ಕಪ್ಪನ ಕಾರು ಎರವಲು ತಂದು ಹೋದೆವು. ದಾರಿಯುದ್ದಕ್ಕೂ ಗೊಣಗಿದೆ. ಅವಳೂ ಆ ಮೇಲನ್ನು ಮತ್ತೆ ಮತ್ತೆ ತೆಗೆದು ಓದಿದಳು. ಆದರೂ ವಾಪಸು ಹೋಗೋಣ ಎನ್ನಲಿಲ್ಲ.

ಮನೆಯ ಮುಂದೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಒಬ್ಬಾತ ಕಾಯುತ್ತಿದ್ದ. ದೋಣಿ ರಿಪೇರಿ ಮಾಡುವವನ ಕೈ, ಉಗುರಲ್ಲೆಲ್ಲ ಬಣ್ಣ. ಪಕ್ಕದಲ್ಲಿ ಹೆಂಡತಿ ಮಿರ್ತಾ. ನಮ್ಮನ್ನು ಕಂಡದ್ದೇ ಅವಳು ಒಳಗೋಡಿ ಕಾಫಿಯನ್ನೂ ಪೇರಲೆ ಹಣ್ಣಿನ ಸಿಹಿಯನ್ನೂ ತಂದಳು. ಎಲಿಯೆಸರ್ ತನ್ನ ಫೋನಿನಲ್ಲಿ ಬರೆದು ತೋರಿಸಿದ: 'ನೀವೇ ಮೊದಲು ಬಂದವರು. ಬೇರೆ ಯಾರೂ ಉತ್ತರ ಕೊಡಲಿಲ್ಲ. ಒಬ್ಬರು ಕೊಟ್ಟರು. ಕಳ್ಳ, ನಿನ್ನ ಆಟ ಗೊತ್ತು ಅಂತ. ನಾನು ಏನು ಮಾಡಿದೆ?'

ಇವೆಲಿಸ್ಸೆಯ ಮುಖ ಸಣ್ಣದಾಯಿತು. ಕೂತು, ತನಗಾದದ್ದನ್ನೆಲ್ಲ ಬರೆದು ಅವನ ಕೈಗೆ ಕೊಟ್ಟಳು. ಓದುತ್ತ ಓದುತ್ತ ಅವನ ಕಿವಿ ಕೆಂಪಾಯಿತು. ಹೆಂಡತಿಯತ್ತ ತಿರುಗಿ ಕೈಗಳಲ್ಲಿ ಹೇಳಿದ. ಅಷ್ಟು ಸಿಟ್ಟನ್ನು ಸದ್ದಿಲ್ಲದೆ ನಾನು ಕಂಡದ್ದು ಅದೇ ಮೊದಲು. ಕೊನೆಗೆ ಬರೆದ: 'ಅವನು ನಿಮ್ಮ ದುಡ್ಡು ಕದ್ದ. ನಮ್ಮ ಮಾತು ಕದ್ದ.'

ಮಿರ್ತಾ ಎದ್ದು ಬಂದು ಇವೆಲಿಸ್ಸೆಯನ್ನು ತಬ್ಬಿಕೊಂಡಳು.

ಆ ಮನೆಗೆ ಇವೆಲಿಸ್ಸೆ ಮಾಡಿದ ಕೆಲಸ ನೋಡಬೇಕಿತ್ತು. ಗೋದಾಮಿನಲ್ಲಿ ಉಳಿದ ಒಳ್ಳೆಯದನ್ನೆಲ್ಲ ಎಲಿಯೆಸರನ ದೋಣಿ ಸಾಗಿಸುವ ಗಾಡಿಯಲ್ಲೇ ಹೊತ್ತು ತಂದೆವು. ತಾಯಿಯ ಹಳೆಯ ಬೆತ್ತದ ಕುರ್ಚಿಗಳನ್ನು ಅವಳು ಎಸೆಯಲಿಲ್ಲ, ಉಜ್ಜಿ ಬಣ್ಣ ಹಚ್ಚಿ ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ಜಗಲಿಯಲ್ಲಿಟ್ಟಳು. ಮನೆ ನೋಡಲು ಬಂದ ದಂಪತಿ ಆ ಕುರ್ಚಿಗಳಲ್ಲೇ ಕೂತು ಏಳಲಿಲ್ಲ. ಮನೆ ಅವರಿಗೇ ಹೋಯಿತು. ಎಲಿಯೆಸರ್ ಕೊಟ್ಟ ಚೆಕ್ ಅಸಲಿಯೆಂದು ಬ್ಯಾಂಕಿನವರು ಬಾಯಿಬಿಟ್ಟು ಹೇಳುವವರೆಗೆ ಅದರಲ್ಲಿ ಒಂದು ಮೊಳೆಯನ್ನೂ ಕೊಳ್ಳಲಿಲ್ಲ ಇವೆಲಿಸ್ಸೆ. ಅವನೂ ಬೇಸರ ಮಾಡಿಕೊಳ್ಳಲಿಲ್ಲ; ಹಾಗೇ ಮಾಡಿ, ಹಾಗೇ ಮಾಡಿ ಎಂದು ಬರೆದು ಬೆನ್ನು ತಟ್ಟಿದ.

ಅಲ್ಲಿಗೆ ಬಿಡಬಹುದಿತ್ತು. ಅವಳು ಬಿಡಲಿಲ್ಲ. ಮುಂದಿನ ಸಲ ಗುಂಪು ಸೇರಿದಾಗ ಗಂಡಹೆಂಡತಿ ಇಬ್ಬರನ್ನೂ ಬೇಕರಿಗೇ ಕರೆತಂದಳು.

"ನನ್ನ ಕತೆ ಕೇಳಿ ನೀವೆಲ್ಲ ಇವರ ಮೇಲ್ ಅಳಿಸಿದ್ರಿ," ಎಂದಳು. "ಅವತ್ತು ನಾವು ಮಾಡ್ಕೊಂಡ ತೀರ್ಮಾನ ಅರ್ಧ ಸರಿ, ಅರ್ಧ ತಪ್ಪು. ಕಿವಿ ಕೇಳ್ಸಲ್ಲ ಅನ್ನೋದು ಮೋಸದ ಗುರುತಲ್ಲ. ಹೆಚ್ಚಿಗೆ ದುಡ್ಡು ಕಳಿಸಿ, ಅದನ್ನ ಇನ್ಯಾರಿಗೋ ದಾಟ್ಸು ಅನ್ನೋದು ಗುರುತು. ಮನೆ ತೋರಿಸ್ದೇ ಇರೋದು ಗುರುತು. ಕಿವಿ ಬಿಡಿ, ಅದನ್ನ ನೋಡಿ."

ಆಗ ಬ್ರುನಿಲ್ಡಾ ಎದ್ದಳು. ಎಲ್ಲರಿಗೂ ಆಶ್ಚರ್ಯ, ಏಕೆಂದರೆ ಆಕೆ ಇನ್ನೊಬ್ಬರನ್ನು ಎಬ್ಬಿಸುವವಳೇ ಹೊರತು ತಾನು ಏಳುವವಳಲ್ಲ. ಎಲಿಯೆಸರನ ಮುಂದೆ ಹೋಗಿ ನಿಂತು, "ಕಳ್ಳ ಅಂತ ಬರ್ದಿದ್ದು ನಾನೇ. ಕ್ಷಮಿಸಪ್ಪಾ," ಎಂದಳು. ಅವನಿಗೆ ಕೇಳಿಸದೆಂಬುದು ನೆನಪಾಗಿ ಗಾಬರಿಯಾಗಿ, ಅದನ್ನೇ ಇನ್ನೂ ಗಟ್ಟಿಯಾಗಿ ಕೂಗಿದಳು. ನಾನು ನಗು ತಡೆದುಕೊಂಡು ಬರೆದು ಕೊಟ್ಟೆ.

ಎಲಿಯೆಸರ್ ಓದಿ, ಫೋನಿನಲ್ಲಿ ಉತ್ತರ ಬರೆದು ನನ್ನ ಕೈಗೆ ಕೊಟ್ಟ. ನಾನು ಜೋರಾಗಿ ಓದಿದೆ: "ಪರವಾಗಿಲ್ಲ ಅಮ್ಮಾ. ನನ್ನ ಹೆಂಡತಿ ದಿನಾ ಇದಕ್ಕಿಂತ ಚೆನ್ನಾಗಿ ಬೈತಾಳೆ."

ಬೇಕರಿಯೇ ನಕ್ಕಿತು. ಮಿರ್ತಾ ನನ್ನ ಕೈಯಿಂದ ಫೋನ್ ಕಸಿದು ಓದಿ, ಗಂಡನ ತೋಳಿಗೆ ಒಂದು ಬಿಟ್ಟಳು. ಬ್ರುನಿಲ್ಡಾ ತನ್ನ ಪಕ್ಕದ ಕುರ್ಚಿ ಎಳೆದು ಅವಳನ್ನು ಕೂರಿಸಿಕೊಂಡಳು. ಇವೆಲಿಸ್ಸೆ ಮಾತ್ರ ಇದ್ಯಾವುದೂ ತನ್ನದಲ್ಲವೆಂಬಂತೆ ಎಲ್ಲರಿಗೂ ಕಾಫಿ ಹೇಳಲು ಒಳಗೆ ಹೋಗಿದ್ದಳು.