ಮಸಿ ಬಳಿದ ಬೈಗೆ

ಕಾರ್ಗಿಲ್ ಯುದ್ಧದಲ್ಲಿ ಪತ್ತೆಯಿಲ್ಲದೆ ಹೋಗಿದ್ದ ನಾಗನ ಕಾಗದ ಕರಾವಳಿಯ ನಾವುಂದಕ್ಕೆ ಬಂದದ್ದು ಆಸಾಡಿಯ ಮಳೆಯಲ್ಲಿ. ದೋಣಿಗಳೆಲ್ಲ ದಡದಲ್ಲಿ ತೆಂಗಿನ ಮಡಲು ಹೊದ್ದು ಮಲಗಿದ್ದವು. ಅಪ್ಪ ತಿಮ್ಮನಿಗೆ ಕೈಗೆ ಕೆಲಸವಿಲ್ಲ, ಬಾಯಿಗೆ ಪುರುಸೊತ್ತಿಲ್ಲ. ಅಂಚೆಯವನು ಲಕೋಟೆಯ ಮೇಲಿನ ಮುದ್ರೆ ಓದಿ ಹೇಳಿದ್ದೇ ತಡ, ಮಗ ಗಡಿಯಾಚೆ ಸೆರೆಯಲ್ಲಿದ್ದಾನೆ, ಬದುಕಿದ್ದಾನೆ ಎಂದು ಕಾಗದ ಒಡೆಯುವ ಮೊದಲೇ ಇಡೀ ಕಡಲ ಬದಿಗೆ ಸಾರಿಬಂದ.

ಅಲ್ಲಿಯವರು ತಮಗೆ ಅರ್ಥವಾಗುವ ಭಾಷೆಯಲ್ಲೇ ಬರೆಸುತ್ತಾರಂತೆ. ಹಾಗಾಗಿ ಕಾಗದ ಹಿಂದಿಯಲ್ಲಿತ್ತು. ಶಾಲೆಯಲ್ಲಿ ನಾಗನಿಗೆ ಹಿಂದಿ ಕಲಿಸಿದ್ದ ದುಗ್ಗಪ್ಪ ಮಾಷ್ಟ್ರು ಜಗಲಿಯಲ್ಲಿ ಕೂತು ಕನ್ನಡಕ್ಕೆ ತಿರುಗಿಸುತ್ತ ಓದಿದರು. ‘ನಾನು ಕ್ಷೇಮ. ಊಟೋಪಚಾರ ಉತ್ತಮವಾಗಿದೆ. ಚಿಂತೆ ಬೇಡ.’ ನಡುವಿನ ಕೆಲವು ಸಾಲಿಗೆ ಯಾರೋ ದಪ್ಪಗೆ ಮಸಿ ಬಳಿದಿದ್ದರು.

ನಾಗನ ಅಬ್ಬಿ ಸರೋಜ ಒಣಮೀನಿನ ಬುಟ್ಟಿಯನ್ನು ತಲೆಯಿಂದ ಇಳಿಸಿರಲೂ ಇಲ್ಲ. “ಇದ್ ನನ್ ಮಗ ಬರ್ದದ್ದಲ್ಲ” ಅಂದಳು.

“ಅಕ್ಷರ ಅವಂದೇ ಸರೋಜ” ಅಂದರು ಮಾಷ್ಟ್ರು.

“ಅಕ್ಷರ ಯಾರ್ ಬೇಕಾರೂ ಕಲ್ತ್ ಬರೀಲಕ್ಕ್. ಮೀನ್ ಎಲ್ಲ್ ಇತ್ತ್ ಇದ್ರಗೆ?”

ಅವಳ ಮಾತಲ್ಲೂ ಹುರುಳಿತ್ತು. ಆ ಊರಿನ ಮಕ್ಕಳು ಮುಂಬಯಿಯಿಂದ ಫೋನ್ ಮಾಡಿದರೂ ಮೊದಲು ಕೇಳುವುದು ‘ಎಂತ ಮೀನ್ ಸಿಕ್ತ್?’ ಎಂದು. ಕ್ಷೇಮ ಸಮಾಚಾರವೆಲ್ಲ ಆಮೇಲೆ. ನಾಗನಂತೂ ಸೈನ್ಯಕ್ಕೆ ಸೇರಿದ ಮೇಲೆ ಮೀನು ಕೇಳದ ಒಂದು ಕಾಗದವನ್ನೂ ಬರೆದವನಲ್ಲ. ಮಗನನ್ನು ಮುಗಿಸಿ, ಅವನ ಹೆಸರಲ್ಲಿ ಯಾರೋ ಗೀಚಿ ಕಳಿಸಿದ್ದಾರೆ ಎಂದು ಅವಳಿಗೆ ಅನಿಸಿಬಿಟ್ಟಿತು. ಬುಟ್ಟಿ ಇಳಿಸಿ ಹಣೆ ಹಣೆ ಬಡಿದುಕೊಂಡಳು.

“ಎಂತ ಹೆಣೆ, ಒಳ್ಳೆ ಸುದ್ದಿ ಬಂದಾಗ ಹೀಂಗ್ ಮಾಡ್ತೆ?” ಅಂದ ತಿಮ್ಮ.

“ಹ್ವಾಯ್, ನೀವ್ ಸುಮ್ಕಿರಿ. ಮಾಷ್ಟ್ರೇ, ಆ ಮಸಿ ಅಡಿಗ್ ಎಂತ ಇತ್ತ್ ಕಾಣಿ.”

“ಯುದ್ಧದ್ ಗುಟ್ಟ್ ಇರ್ಕ್” ಎನ್ನುತ್ತಲೇ ಮಾಷ್ಟ್ರು ಹಾಳೆ ಮಗುಚಿದರು. ಪೆನ್ನು ಒತ್ತಿ ಬರೆದು ಪುಸ್ತಕ ಹರಿಯುತ್ತಾನೆಂದು ಅವರು ನಾಗನಿಗೆ ಕೊಟ್ಟ ಪೆಟ್ಟು ಅಷ್ಟಿಷ್ಟಲ್ಲ. ಪುಣ್ಯಕ್ಕೆ ಒಂದೂ ನಾಟಿರಲಿಲ್ಲ. ಹಾಳೆಯ ಹಿಂಬದಿಯಲ್ಲಿ ಅಕ್ಷರಗಳು ಉಬ್ಬಿ ನಿಂತಿದ್ದವು. ತಿಮ್ಮ ಗಡ್ಡ ಹೆರೆಯುವ ಕನ್ನಡಿ ತಂದು ಹಿಡಿದ. ಮಾಷ್ಟ್ರು ಅದರಲ್ಲಿ ನೋಡಿ ತಡವರಿಸುತ್ತ ಓದಿದರು.

‘ಅಬ್ಬಿ, ಬೈಗೆ ಬಂತಾ? ಬಂಗ್ಡೆ ಬಿತ್ತಾ? ನಂಗ್ ಮೀನು ಸಿಕ್ಕಿದರೆ ಅಪ್ಪಯ್ಯನಿಗೇ ಎಲ್ಲ ಬಡಿಸಬೇಡ.’

ಮಾಷ್ಟ್ರಿಗೆ ನಗು ತಡೆಯಲಾಗಲಿಲ್ಲ. “ಮೀನಿನ್ ಹೆಸ್ರಿಗೆ ಹಿಂದಿ ಗೊತ್ತಿಲ್ದೆ ಹಾಂಗೇ ಬರ್ದಿದ. ಬೈಗೆ ಅಂದ್ರೆ ಟ್ಯಾಂಕ್, ಬಂಗ್ಡೆ ಅಂದ್ರೆ ಬಾಂಬ್ ಅಂದ್ಕಂಡ್ ಅವ್ರ್ ಮಸಿ ಬಳ್ದಿರ್.”

ಸರೋಜ ಸೆರಗಿಗೆ ಮುಖ ಒತ್ತಿ ಅತ್ತಳು, ಅಳುತ್ತಲೇ ನಕ್ಕಳು. ಮಗ ಬದುಕಿದ್ದಾನೆ, ಬಾಯಿ ಚಪಲವೂ ಹೋಗಿಲ್ಲ. ಅವಳ ಜೀವ ಮರಳಿ ಬಂದಿತ್ತು.

“ಉತ್ತರ ಬರ್ಕಣಿ ಮಾಷ್ಟ್ರೇ. ಮೊದ್ಲ್ ಬೈಗೆ, ಕಡಿಕೆ ಬಂಗ್ಡೆ, ನಂಗ್, ಚಟ್ಲಿ. ಒಂದೂ ಬಿಡ್ಬೇಡಿ.”

“ಅವ್ರ್ ಎಲ್ಲದಕ್ಕೂ ಮಸಿ ಬಳಿತ್ರಲೆ?”

“ಬಳೀಲಿ. ಮಸಿ ಕಂಡ್ರೆ ಅವಂಗ್ ಗೊತ್ತಾತ್ತ್, ಅಬ್ಬಿ ಮೀನಿನ್ ಸುದ್ದಿ ಬರ್ಸಿದ್ಲ್ ಅಂದೇಳಿ. ನೀವ್ ಒತ್ತಿ ಬರ್ಕಣಿ.”