ದೀಪ ಹಚ್ಚದ ಮನೆ

ಮುನಿರಾಮಪ್ಪನನ್ನು ಹಗಲೂ ರಾತ್ರಿ ಕಾದು ಬದುಕಿಸಿಕೊಂಡವಳು ಮಗಳು ವಿನುತಾ. ಈಗ ಸಾಯಿಸಲು ಹೊರಟವಳೂ ಅವಳೇ. ಪಾಪ, ಪ್ರೀತಿಯಿಂದಲೇ.

ಮಲ್ಲೇಶ್ವರಂ ಮಾರ್ಕೆಟ್ಟಿನಲ್ಲಿ ತರಕಾರಿ ಮಾರುವ ಮನುಷ್ಯ. ಕಾಲಿಗೆ ಚುಚ್ಚಿದ ಮೊಳೆಯನ್ನು ಅಸಡ್ಡೆ ಮಾಡಿ ಮೈಯೆಲ್ಲ ನಂಜೇರಿಸಿಕೊಂಡಿದ್ದ. ಆಸ್ಪತ್ರೆಯವರು ಯಮನ ಬಾಯಿಂದ ಎಳೆದುಕೊಂಡು, ಮನೆಗೆ ಕಳಿಸುವಾಗ ಎಚ್ಚರಿಸಿದ್ದರು: ಅಷ್ಟು ದೊಡ್ಡ ನಂಜಿನೊಡನೆ ಗುದ್ದಾಡಿ ಮೈಯ ರೋಗನಿರೋಧಕ ಶಕ್ತಿ ಸೋತು ಮಲಗಿದೆ, ಇನ್ನೊಂದು ಸೋಂಕು ತಗುಲಿದರೆ ಉಳಿಯುವುದು ಕಷ್ಟ. ಹೊಗೆ ಬೇಡ, ಹೂವು ಬೇಡ, ಜನ ಬೇಡ, ಚಿಂತೆಯಂತೂ ಬೇಡವೇ ಬೇಡ.

ವಿನುತಾ ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚೇ ಮಾಡಿದಳು. ಅಪ್ಪನ ಮಂಚ ನಡುಮನೆಯಲ್ಲಿ, ಎದುರಿಗೇ ದೇವರ ಗೂಡು. ಅಲ್ಲಿ ದೀಪ, ಸಾಂಬ್ರಾಣಿ, ಹೂವು ಎಲ್ಲ ನಿಂತವು. ಚಿಂತೆ ಬೇಡವೆಂದು ಕಾರಣವನ್ನೂ ಅಪ್ಪನಿಗೆ ಹೇಳಲಿಲ್ಲ. ನೋಡಲು ಬಂದವರನ್ನು ಅವರು ತಂದ ಬ್ರೆಡ್ಡು ಹಣ್ಣಿನ ಸಮೇತ ಬಾಗಿಲಿನಿಂದಲೇ ಸಾಗಹಾಕಿದಳು. ಚಿಕ್ಕಪ್ಪ ಮುನಿಕೃಷ್ಣನಿಗೆ ಜ್ವರ, ಗಂಟಲು ಕಟ್ಟಿ ಮಾತೇ ಹೊರಡದಂಥ ಕೆಮ್ಮು. ಅವನನ್ನು ಹತ್ತಿರ ಸೇರಿಸುವ ಹಾಗೇ ಇರಲಿಲ್ಲ. ತಮ್ಮನಿಗೆ ಹುಷಾರಿಲ್ಲವೆಂದರೆ ಅಪ್ಪ ಕೊರಗುತ್ತಾನೆಂದು, “ಹೊಸಕೋಟೆಗೆ ತರಕಾರಿ ತರೋಕೆ ಹೋಗಿದಾರೆ” ಎಂದುಬಿಟ್ಟಳು. ಮುನಿರಾಮಪ್ಪ ಹೂಂ ಎಂದ, ಆಮೇಲೆ ಆ ಮಾತೇ ಎತ್ತಲಿಲ್ಲ. ವಿನುತಾಗೆ ಸಮಾಧಾನವಾಯಿತು. ಅವಳು ಹೆದರಬೇಕಾಗಿದ್ದದ್ದೇ ಆಗ.

ಎರಡನೆಯ ವಾರ ಅವನು ಊಟ ಬಿಟ್ಟ, ನಿದ್ದೆ ಬಿಟ್ಟ. ಒಣಗುತ್ತಿದ್ದ ಗಾಯ ಮತ್ತೆ ಒಸರತೊಡಗಿತು. ಒಂದು ಸಂಜೆ ಮೈ ಕೆಂಡವಾಯಿತು. ವಿನುತಾ ಓಡಿ ಪಕ್ಕದ ರಸ್ತೆಯ ಡಾಕ್ಟರ್ ಬದರೀನಾರಾಯಣರನ್ನು ಕರೆತಂದಳು.

ಡಾಕ್ಟರು ಇಂಜೆಕ್ಷನ್ ಕೊಟ್ಟರು, ಆಂಬುಲೆನ್ಸಿಗೆ ಫೋನ್ ಮಾಡಿದರು. ನಾಡಿ ಹಿಡಿದವರು ಹುಬ್ಬು ಗಂಟಿಕ್ಕಿ, ಅವಳನ್ನು ಅಡುಗೆಮನೆಗೆ ಕರೆದರು.

“ಬರೀ ಜ್ವರಕ್ಕೆ ನಾಡಿ ಇಷ್ಟು ಓಡಲ್ಲಮ್ಮ. ಅವ್ರು ಏನಕ್ಕೋ ವಿಪರೀತ ಹೆದರಿದಾರೆ. ಮಿದುಳಿಗೆ ದಿಗಿಲು ಹತ್ತಿದ್ರೆ ನರಗಳು ಆ ಸುದ್ದೀನ ಮೈಗೆಲ್ಲ ಮುಟ್ಟಿಸ್ತವೆ, ರೋಗದ ಮೇಲೆ ಹೋರಾಡೋ ರಕ್ತಕಣಗಳಿಗೂ. ಮೊದಲೇ ಸುಸ್ತಾದ ಕಣಗಳು, ಇನ್ನೂ ಮಂಕಾಗ್ತವೆ. ಔಷಧಿ ನಾನು ಕೊಡ್ತೀನಿ, ಭಯ ನೀವು ತೆಗೀಬೇಕು. ಏನು ಹೇಳಿದ್ರಿ ಅವ್ರಿಗೆ?”

“ಏನೂ ಹೇಳಿಲ್ಲ ಸಾರ್! ಒಂದೂ ಹೇಳಿಲ್ಲ.”

ಅವರು ಹೊರಗೆ ಬಂದಾಗ ಮುನಿರಾಮಪ್ಪ ಮಗಳನ್ನು ಹತ್ತಿರ ಕರೆದ. “ಕೃಷ್ಣನ್ದು ಹನ್ನೊಂದನೇ ದಿನದ ಕಾರ್ಯ ಆಯ್ತೇನಮ್ಮ?”

“ಯಾವ ಕಾರ್ಯ ಅಪ್ಪಾ? ಚಿಕ್ಕಪ್ಪ ಚೆನ್ನಾಗಿದಾರೆ!”

“ದೇವರಿಗೆ ದೀಪ ಇಲ್ಲ, ಹೂವಿಲ್ಲ. ಇದು ಸೂತಕದ ಮನೆ ಅಂತ ನಂಗೊತ್ತಾಗಲ್ವಾ? ಕೇಳಿದ್ರೆ ನಿಂಗೆ ಸಂಕಟ ಅಂತ ಸುಮ್ನಿದ್ದೆ.”

“ನಿನ್ನಾಣೆ ಅಪ್ಪಾ! ಅವರಿಗೆ ಬರೀ ಜ್ವರ, ಕೆಮ್ಮು. ಅದಕ್ಕೇ ಒಳಗೆ ಬಿಟ್ಟಿಲ್ಲ.”

“ನಿಮ್ಮಜ್ಜಿ ಸತ್ತಾಗ, ಕಾಯಿಲೆ ಮಲಗಿದ್ದ ನಮ್ಮಪ್ಪಂಗೆ ನಾನೂ ಹಿಂಗೇ ಆಣೆ ಇಟ್ಟಿದ್ದೆ.” ಅವನು ಗೋಡೆಯ ಕಡೆ ತಿರುಗಿಬಿಟ್ಟ. ಉಸಿರು ಮೇಲೇರುತ್ತಿತ್ತು.

ಡಾಕ್ಟರು ಅವಳ ಭುಜ ಅಲುಗಿಸಿದರು. “ನಿಮ್ಮ ಚಿಕ್ಕಪ್ಪನ್ನ ಕರ್ಕೊಂಡ್ಬನ್ನಿ. ಒಳಗೆ ಬೇಡ, ಕಿಟಕಿ ಆಚೆ ನಿಲ್ಲಿಸಿ. ಹೊರಡಿ.”

ವಿನುತಾ ಬರಿಗಾಲಲ್ಲೇ ಗಲ್ಲಿ ದಾಟಿ ಚಿಕ್ಕಪ್ಪನ ಮನೆಗೆ ಓಡಿದಳು. ತನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ ಎಂದು ದಾರಿಯುದ್ದಕ್ಕೂ ಬೈದುಕೊಂಡಳು. ಮುನಿಕೃಷ್ಣ ಬಾಯಿಗೆ ಟವೆಲ್ ಸುತ್ತಿಕೊಂಡು ಏದುಸಿರು ಬಿಡುತ್ತ ಹಿಂದೆಯೇ ಬಂದ. ಕಿಟಕಿ ಸರಳು ಹಿಡಿದು ಅಣ್ಣನನ್ನು ಕೂಗಲು ನೋಡಿದ, ಗಂಟಲಿಂದ ಸ್ವರವೇ ಬರಲಿಲ್ಲ. ಕೊನೆಗೆ ಸರಳನ್ನೇ ದಬದಬ ಬಡಿದ.

ಮುನಿರಾಮಪ್ಪ ತಲೆ ತಿರುಗಿಸಿದ. ತಮ್ಮನ ಗುರುತು ಹಿಡಿದ. ಆಮೇಲೆ ಇದ್ದಬದ್ದ ಶಕ್ತಿಯನ್ನೆಲ್ಲ ಸೇರಿಸಿ, “ಜ್ವರ ಇಟ್ಕೊಂಡು ಯಾಕೋ ಬೀದಿಗೆ ಬಂದೆ, ಬೇವರ್ಸಿ! ಹೋಗಿ ಮಲಕ್ಕೋ!” ಎಂದು ಬೈದು, ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅತ್ತ. ಕಿಟಕಿಯಾಚೆ ತಮ್ಮನೂ ಅತ್ತ.

ಮಣಿಕಟ್ಟು ಹಿಡಿದೇ ಕೂತಿದ್ದ ಡಾಕ್ಟರು ಗಡಿಯಾರ ನೋಡುತ್ತ, “ಸ್ವಲ್ಪ ಇಳೀತಿದೆ. ಗಂಡಾಂತರ ಇನ್ನೂ ಕಳೆದಿಲ್ಲ, ಆಸ್ಪತ್ರೆಗೆ ಹೋಗಲೇಬೇಕು” ಎಂದರು. ಹೊರಗೆ ಆಂಬುಲೆನ್ಸಿನ ಸದ್ದು ಕೇಳಿಸಿತು.

ಮುನಿರಾಮಪ್ಪ ಮಗಳ ಕೈಯನ್ನು ಬಿಗಿಯಾಗಿ ಹಿಡಿದ. “ಇನ್ನೇನು ಮುಚ್ಚಿಟ್ಟಿದೀಯ? ಇದ್ರೆ ಈಗ್ಲೇ ಹೇಳ್ಬಿಡು.”

ವಿನುತಾ ಡಾಕ್ಟರ ಮುಖ ನೋಡಿದಳು. ಅವರು ಹೇಳಿ ಎಂಬಂತೆ ತಲೆಯಾಡಿಸಿದರು. ಅವಳು ಅಪ್ಪನ ಕಾಲಿನ ದಪ್ಪ ಬ್ಯಾಂಡೇಜಿನ ಮೇಲೆ ಕೈಯಿಟ್ಟು, “ನಿಂಗೆ ಪ್ರಜ್ಞೆ ಇಲ್ದಾಗ ಎರಡು ಬೆರಳು ತೆಗೆದ್ರಪ್ಪ” ಎಂದಳು.

ಮುನಿರಾಮಪ್ಪ ಕಣ್ಣು ಮುಚ್ಚಿದ. ಡಾಕ್ಟರ ಬೆರಳು ನಾಡಿಯ ಮೇಲೇ ಇತ್ತು.

“ಅಷ್ಟೇನಾ?” ಎಂದ.