ಕೂರುವ ಕೆಲಸ

ಹೆರಿಗೆ ವಾರ್ಡಿನಲ್ಲಿ ಮಂಚಕ್ಕೊಂದು ಮೋಟು ಸ್ಟೂಲು ಇದ್ದ ಕಾಲವೊಂದಿತ್ತು. ಸೂಲಗಿತ್ತಿ ಅದರ ಮೇಲೆ ಕೂತು ಬಸುರಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟಳೆಂದರೆ ಮುಗಿಯಿತು, ಮಗು ಅಳುವ ತನಕ ಏಳುತ್ತಿರಲಿಲ್ಲ. ಹೊಟ್ಟೆ ಕಲ್ಲಿನಂತೆ ಬಿಗಿಯುವುದು, ಮತ್ತೆ ಸಡಿಲವಾಗುವುದು ಎಲ್ಲ ಅಂಗೈಗೆ ತಿಳಿಯಬೇಕು. ನೋವು ಏರುವ ಮೊದಲೇ "ಬಂತು ನೋಡಮ್ಮ, ಉಸಿರು ಬಿಡು" ಅನ್ನಬೇಕು. ನೋಡುವವರಿಗೆ ಅದು ಸುಮ್ಮನೆ ಕೂತಂತೆ ಕಾಣುತ್ತದೆ, ನಿಜ.

ಹೊಸ ಸೂಪರಿಂಟೆಂಡೆಂಟರಿಗೂ ಹಾಗೇ ಕಂಡಿತು. "ಕೂತ್ರೆ ಸೋಮಾರಿಗಳಾಗ್ತಾರೆ, ನಿಂತ್ರೆ ಚುರುಕಾಗಿರ್ತಾರೆ" ಎಂದು ಸ್ಟೂಲುಗಳನ್ನೆಲ್ಲ ಎತ್ತಿಸಿಬಿಟ್ಟರು. ಅಂದಿನಿಂದ ಒಬ್ಬೊಬ್ಬಳಿಗೂ ಮೂರು ಮಂಚ, ಒಂದರಿಂದ ಇನ್ನೊಂದಕ್ಕೆ ಓಟ. ಸೊಂಟ ಹಿಡಿದವಳು ಮೊದಲು ಕೆಲಸ ಬಿಟ್ಟಳು. ಆಮೇಲೆ ಅವಳಿ ಮಕ್ಕಳ ತಾಯಿ. ಆಮೇಲೆ, ಹಾಡು ಹೇಳಿ ನೋವು ಮರೆಸುತ್ತಿದ್ದ ಕೀರಲು ದನಿಯವಳು. ಹೋದವರ ಜಾಗಕ್ಕೆ ಯಾರೂ ಬರಲಿಲ್ಲ. ಉಳಿದವರಿಗೆ ಒಂದೊಂದು ಮಗ್ಗು ಬಂತು, ಮೇಲೆ 'ನಗುನಗುತ್ತ ದುಡಿಯೋಣ' ಎಂದು ಬರೆದಿತ್ತು. ಚಹಾ ಕುಡಿಯಲು ಪುರುಸೊತ್ತಿಲ್ಲದವರಿಗೆ ಮಗ್ಗು!

ವಾರ್ಡಿನ ಹಿರಿಯಳನ್ನು ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದರು. ದನಿ ಎತ್ತಿದವಳಲ್ಲ. ಎಲ್ಲವನ್ನೂ ನುಂಗಿಕೊಂಡೇ ಇದ್ದಳು. ಆದರೆ ಒಂದು ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ, ಪಟಾಕಿ ಎಂದು ಎಲ್ಲರೂ ಕರೆಯುತ್ತಿದ್ದ ಹುಡುಗಿ ತನ್ನ ಚೀಲ ತುಂಬುತ್ತಿದ್ದುದನ್ನು ಕಂಡು ಬಾಗಿಲಲ್ಲೇ ನಿಂತಳು. ಬಾಯಿ ತೆರೆದರೆ ಸಿಡಿಯುವವಳು, ಅದಕ್ಕೇ ಆ ಹೆಸರು. ಅವಳಿಗೆ ದೊಡ್ಡಕ್ಕನೇ ಕೈಹಿಡಿದು ಕೆಲಸ ಕಲಿಸಿದ್ದಳು. ತನ್ನ ನಂತರ ಈ ಕೆಲಸ ಇವಳ ಕೈಯಲ್ಲಿ ಉಳಿಯುತ್ತದೆ ಎಂದು ನೆಚ್ಚಿಕೊಂಡಿದ್ದಳು.

"ನೀನೂನಾ?"

"ನಾನೂನೇ ಅಕ್ಕಾ. ನಿನ್ನೆ ಒಬ್ಳು ನನ್ನ ಕೈ ಹಿಡ್ಕೊಂಡು ಹೋಗ್ಬೇಡ ಅಂತ ಅತ್ಲು. ಬೆರಳು ಬಿಡಿಸ್ಕೊಂಡು ಪಕ್ಕದ ಮಂಚಕ್ಕೆ ಓಡಿದೆ. ವಾಪಸ್ ಬರೋ ಹೊತ್ತಿಗೆ ಮಗು ಹೊರಗೆ ಬಂದಿತ್ತು, ಹತ್ರ ಒಂದು ನರಪಿಳ್ಳೆ ಇಲ್ಲ. ಮಗು ಉಳೀತು. ನಾನು ಉಳಿಯಲ್ಲ."

"ಸ್ವಲ್ಪ ತಾಳೇ."

"ನೀನು ತಾಳ್ಕೊಂಡಿದ್ದಕ್ಕೇ ಅಕ್ಕಾ, ಸ್ಟೂಲು ಹೋಗಿದ್ದು!"

ಕೆನ್ನೆಗೆ ಬಾರಿಸಿದ ಹಾಗಾಯಿತು. ದೊಡ್ಡಕ್ಕ ಸೀದಾ ಮಹಡಿ ಹತ್ತಿದಳು.

ಸೂಪರಿಂಟೆಂಡೆಂಟರು ತಮ್ಮ ಕೋಣೆಯ ಕಿಟಕಿಯ ಬಳಿ ಫೋನು ಹಿಡಿದು ನಿಂತಿದ್ದರು. "ಬನ್ನಿ ಬನ್ನಿ, ನಿಮ್ಮನ್ನೇ ಕರೆಸೋಣ ಅಂತಿದ್ದೆ. ಈ ಹುಡುಗೀರು ಯಾಕೆ ನಿಲ್ತಿಲ್ಲ? ಹಿರಿಯರು ನೀವು, ಸ್ವಲ್ಪ ಬುದ್ಧಿ ಹೇಳ್ಬಾರ್ದಾ? ಮಗ್ಗು ಇಷ್ಟ ಆಗ್ಲಿಲ್ವೇನು?"

ಸ್ಟೂಲು ವಾಪಸ್ ಕೊಡಿ ಎಂದು ಬೇಡಿಕೊಳ್ಳಬೇಕೆಂದೇ ಬಂದಿದ್ದಳು ಅವಳು. ಅಷ್ಟರಲ್ಲಿ ಕಣ್ಣು ಮೂಲೆಗೆ ಹೋಯಿತು. ಅಲ್ಲೊಂದು ದಪ್ಪ ಹೂಕುಂಡ, ಅದರ ಕೆಳಗೆ ಮೋಟು ಸ್ಟೂಲು. ಕುಂಟುವ ಕಾಲಿಗೆ ಅವಳೇ ಸುತ್ತಿದ್ದ ಬಟ್ಟೆ ಇನ್ನೂ ಹಾಗೇ ಇತ್ತು. ಎಷ್ಟೋ ಕೂಸುಗಳ ಮೊದಲ ಅಳುವನ್ನು ಅವಳು ಅದರ ಮೇಲೆ ಕೂತು ಕೇಳಿದ್ದಳು. ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು.

"ಗಿಡ ಕೂತ್ಕೋಬಹುದಾ ಸಾರ್?"

"ಅಂದ್ರೆ?"

ಅವಳು ಕುಂಡವನ್ನು ತಬ್ಬಿ ಎತ್ತಿ ಅವರ ಮೆತ್ತನೆಯ ಕುರ್ಚಿಯ ಮೇಲೆ ಧೊಪ್ಪೆಂದು ಇಟ್ಟಳು. ಮಣ್ಣೆಲ್ಲ ಚೆಲ್ಲಿತು.

"ಏನ್ರೀ ಇದು! ನಾನೆಲ್ಲಿ ಕೂರ್ಲಿ?"

"ನಿಂತ್ಕೊಳ್ಳಿ. ಚುರುಕಾಗಿರ್ತೀರಿ."

"ಕೆಲಸದಿಂದ ತೆಗೆದುಹಾಕ್ತೀನಿ, ಗೊತ್ತಿರ್ಲಿ!"

"ಧಾರಾಳವಾಗಿ ತೆಗೀರಿ. ಆಮೇಲೆ ಕೆಳಗಿಳಿದು ನೀವೇ ಹೆರಿಗೆ ಮಾಡ್ಸಿ."

ದೊಡ್ಡಕ್ಕ ಸ್ಟೂಲನ್ನು ಕಂಕುಳಲ್ಲಿಟ್ಟುಕೊಂಡು ಕೆಳಗೆ ಬಂದಾಗ, ಪಟಾಕಿ ತನ್ನ ಚೀಲ ಹೆಗಲಿಗೇರಿಸಿ ವಾರ್ಡಿನ ಬಾಗಿಲಲ್ಲಿದ್ದಳು. ಮೊದಲ ಮಂಚದಲ್ಲಿ ಚೊಚ್ಚಲ ಬಸುರಿಯೊಬ್ಬಳು ತುಟಿ ಕಚ್ಚಿ ಗೋಡೆ ನೋಡುತ್ತಿದ್ದಳು. ದೊಡ್ಡಕ್ಕ ಅವಳ ಪಕ್ಕದಲ್ಲಿ ಸ್ಟೂಲು ಇಟ್ಟು ಪಟಾಕಿಯತ್ತ ತಿರುಗಿದಳು.

"ಕೂತ್ಕೋ."

"ಅಕ್ಕಾ, ನಾನು ಹೊರಟಾಯ್ತು."

"ಹೋಗೋಳು ಹೋಗು. ಇದೊಂದು ಮಗು ಹುಟ್ಲಿ, ಆಮೇಲೆ ಹೋಗು. ಮಿಕ್ಕ ಮಂಚ ನಾನು ನೋಡ್ಕೋತೀನಿ."

ಪಟಾಕಿ ಸ್ಟೂಲು ನೋಡಿದಳು, ಬಸುರಿಯನ್ನು ನೋಡಿದಳು. ಚೀಲವನ್ನು ಮಂಚದಡಿಗೆ ತಳ್ಳಿ ಕೂತಳು. ಅಂಗೈ ಹೊಟ್ಟೆಯ ಮೇಲೆ ಹೋಯಿತು. "ಬಂತು ನೋಡಮ್ಮ, ಉಸಿರು ಬಿಡು. ನಾನೆಲ್ಲೂ ಹೋಗಲ್ಲ."

ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿಸಿತು. ಸೂಪರಿಂಟೆಂಡೆಂಟರು ಕಾವಲುಗಾರನನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತಿದ್ದರು. ದೊಡ್ಡಕ್ಕ ಬಾಗಿಲಿಗೆ ಅಡ್ಡಲಾಗಿ ನಿಂತಳು.

"ಆ ಸ್ಟೂಲು ತೆಗೀರಿ ಮೊದ್ಲು!"

"ಮಗು ಅಳೋ ತನಕ ಅವಳು ಏಳಲ್ಲ," ಎಂದಳು ದೊಡ್ಡಕ್ಕ. ಅವಳು ಅಷ್ಟು ಜೋರಾಗಿ ಮಾತಾಡಿದ್ದನ್ನು ಆ ವಾರ್ಡು ಕೇಳಿರಲಿಲ್ಲ.

ಒಳಗಿಂದ ಪಟಾಕಿ ಸಿಡಿಯಿತು: "ಅಕ್ಕಾ, ಮಿಕ್ಕ ಸ್ಟೂಲೆಲ್ಲ ಯಾವ್ಯಾವ ಗಿಡದ ಕೆಳಗಿವೆಯೋ ಕೇಳು! ನಾಳೆ ಬಂದು ಎತ್ಕೊಂಡು ಬರೋಣ!"

ನಾಳೆ ಅಂದಳು. ದೊಡ್ಡಕ್ಕ ಬಾಗಿಲ ಚೌಕಟ್ಟನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.